ತೋರಿಸದ ಸಿನಿಮಾ ನಮಗೆ ಅರ್ಥವಾಗಲಿಲ್ಲವಂತೆ!

‘ಉಳಿದವರು ಕಂಡಂತೆ’ ಬಂದು ಹತ್ತು ವರ್ಷ ದಾಟಿತು. ಅದರ ಬಗೆಗಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಚಹಾ ಅಂಗಡಿಯಲ್ಲಿ ಇಬ್ಬರು ಸಿನಿಮಾ ಹುಚ್ಚರು ಕೂತರೆ ಸಾಕು, ಒಬ್ಬ “ಕನ್ನಡದಲ್ಲಿ ಅಂಥ ಸಿನಿಮಾ ಮತ್ತೊಂದಿಲ್ಲ” ಅಂತಾನೆ, ಇನ್ನೊಬ್ಬ “ತಲೆಬುಡ ಇಲ್ಲದ್ದು, ಮೂರು ಸಲ ನಿದ್ದೆ ಬಂತು” ಅಂತಾನೆ. ಜಗಳ ಆಗಲಿ, ಅದು ಒಳ್ಳೆಯದೇ. ಆದರೆ ಈ ಇಬ್ಬರೂ ಒಂದು ವಿಷಯಕ್ಕೆ ಮಾತ್ರ ತಲೆ ಆಡಿಸುತ್ತಾರೆ: “ಹಳ್ಳಿ ಜನಕ್ಕೆ ಅದು ಅರ್ಥವಾಗಲಿಲ್ಲ, ಅದಕ್ಕೇ ಓಡಲಿಲ್ಲ.”

ನನ್ನ ತಕರಾರು ಇರುವುದು ಈ ಒಂದು ಮಾತಿನ ಮೇಲೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ರಕ್ಷಿತ್ ಶೆಟ್ಟಿ ಉಡುಪಿಯವರು, ಓದಿದ್ದು ಇಂಜಿನಿಯರಿಂಗ್. ‘ನಮ್ ಏರಿಯಾಲ್ ಒಂದ್ ದಿನ’, ‘ತುಗ್ಲಕ್’ ಚಿತ್ರಗಳಲ್ಲಿ ನಟಿಸಿದರೂ ಅವರ ಮುಖ ನಾಡಿಗೆಲ್ಲ ಪರಿಚಯವಾದದ್ದು 2013ರಲ್ಲಿ, ಸುನಿ ಅವರ ‘ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ’ಯಿಂದ. ಅಂಥ ಗೆಲುವಿನ ಮೇಲೆ ಬೇರೆ ನಟರಾಗಿದ್ದರೆ ಅದೇ ಥರದ ಇನ್ನೆರಡು ಲವ್ ಸ್ಟೋರಿ ಒಪ್ಪಿಕೊಳ್ಳುತ್ತಿದ್ದರು. ಇವರು ಮಲ್ಪೆ ಕಡಲತೀರಕ್ಕೆ ಹೋಗಿ, ತಾವೇ ಕಥೆ ಬರೆದು, ತಾವೇ ನಿರ್ದೇಶಿಸಿ, ತಾವೇ ರಿಚ್ಚಿ ಎಂಬ ರೌಡಿಯ ಪಾತ್ರ ಮಾಡಿದರು. 2014ರ ಮಾರ್ಚ್ 28ರಂದು ಚಿತ್ರ ಬಿಡುಗಡೆಯಾಯಿತು. ಬಾಲ್ಯದಲ್ಲೇ ಊರು ಬಿಟ್ಟಿದ್ದ ರಾಘು (ರಿಷಬ್ ಶೆಟ್ಟಿ) ಮುಂಬೈಯಿಂದ ತಾಯಿ ರತ್ನಕ್ಕನ (ತಾರಾ) ಬಳಿಗೆ ಮರಳುತ್ತಾನೆ. ಅಷ್ಟಮಿಯ ಹುಲಿವೇಷದ ಗದ್ದಲದ ನಡುವೆ ಹೆಣ ಬೀಳುತ್ತದೆ. ಏನಾಯಿತು ಎಂಬುದನ್ನು ಒಬ್ಬೊಬ್ಬರು ತಮಗೆ ಕಂಡಂತೆ ಹೇಳುತ್ತಾರೆ. ರೆಜಿನಾ ಎಂಬ ಪತ್ರಕರ್ತೆ ಅದನ್ನೆಲ್ಲ ಜೋಡಿಸುತ್ತಾಳೆ.

ಇಷ್ಟೇ. ಇದರಲ್ಲಿ ನಮಗೆ ಅರ್ಥವಾಗದಂಥದ್ದು ಏನಿದೆ?

ಹೊಲದ ಬದುವಿನ ಜಗಳ ನೋಡಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಣ್ಣ ಹೇಳುವುದೇ ಬೇರೆ, ತಮ್ಮ ಹೇಳುವುದೇ ಬೇರೆ, ಪಕ್ಕದ ಹೊಲದವನು ಹೇಳುವುದು ಮೂರನೆಯದು, ಠಾಣೆಯಲ್ಲಿ ಬರೆದುಕೊಂಡದ್ದು ನಾಲ್ಕನೆಯದು. ಪಂಚಾಯ್ತಿ ಕಟ್ಟೆಯಲ್ಲಿ ಕೂತ ಹಿರಿಯರು ಈ ನಾಲ್ಕನ್ನೂ ಕೇಳಿ, ಎಲ್ಲಿ ಯಾರು ಏನು ಬಚ್ಚಿಟ್ಟರು ಎಂದು ಅಲ್ಲೇ ಹಿಡಿಯುತ್ತಾರೆ. ನಮ್ಮ ಕಡೆ ಗೀಗೀ ಪದದ ಕಲ್ಗಿ-ತುರಾಯಿ ಸವಾಲ್-ಜವಾಬ್ ಕೇಳಿದವರು ಇನ್ನೂ ಇದ್ದಾರೆ. ಒಂದು ಮೇಳ ಹೆಣ್ಣು ಹೆಚ್ಚು ಎಂದು ಹಾಡಿದರೆ ಇನ್ನೊಂದು ಗಂಡು ಹೆಚ್ಚು ಎಂದು ಹಾಡುತ್ತದೆ, ಬೆಳಗಾಗುವ ತನಕ ಜನ ಕೂತು ಎರಡೂ ಕಡೆಯ ವಾದ ತೂಗುತ್ತಾರೆ. ಕರಾವಳಿ ಕಡೆಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೀ ಭಾಗವತಿಕೆ ಮತ್ತು ಮಾತು. ಕೃಷ್ಣನ ಅರ್ಥಧಾರಿ ಕೃಷ್ಣನ ಪರವಾಗಿ, ಕೌರವನ ಅರ್ಥಧಾರಿ ಕೌರವನ ಪರವಾಗಿ ವಾದಿಸುತ್ತಾನೆ. ಕೇಳುವವರು ಅದೇ ಕಥೆಯನ್ನು ನೂರು ಸಲ ಕೇಳಿದವರು. ಆದರೂ ಈ ಸಲ ಕೌರವ ಏನು ಹೇಳುತ್ತಾನೆ ಎಂದು ಕಾಯುತ್ತಾರೆ. ಇಂಥ ಜನರಿಗೆ ಒಂದು ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸಿದರೆ ತಿಳಿಯುವುದಿಲ್ಲ ಎನ್ನಲು ಎಷ್ಟು ಧೈರ್ಯ ಬೇಕು ನೋಡಿ!

ಭಾಷೆಯ ತೊಡಕು ಎನ್ನುವವರೂ ಇದ್ದಾರೆ. ಚಿತ್ರದಲ್ಲಿ ಎಲ್ಲರೂ ಆಡುವುದು ಕರಾವಳಿಯ ಕನ್ನಡ, “ಉಂಟು”, “ಎಂತ ಮಾರಾಯ” ಎನ್ನುವ ಕನ್ನಡ. ಘಟ್ಟದ ಮೇಲಿನವರಿಗೆ ಇದು ಹಿಡಿಸಲಿಲ್ಲವಂತೆ. ಹಾಗಾದರೆ 2022ರ ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ಕ್ಕೆ ಏನು ಹೇಳುತ್ತೀರಿ? ಅಲ್ಲೂ ಅದೇ ಕರಾವಳಿ. ಇಲ್ಲಿ ರಾಘು ಆಗಿದ್ದ ರಿಷಬ್ ಶೆಟ್ಟಿಯೇ ಅಲ್ಲಿ ನಿರ್ದೇಶಕ ಮತ್ತು ನಾಯಕ, ಇಲ್ಲಿ ಸಂಗೀತ ಕೊಟ್ಟ ಅಜನೀಶ್ ಲೋಕನಾಥ್ ಅವರೇ ಅಲ್ಲೂ ಸಂಗೀತ ಕೊಟ್ಟವರು. ನಮ್ಮೂರಿನಿಂದ ಟ್ರ್ಯಾಕ್ಟರ್ ಮಾಡಿಕೊಂಡು ಹೋಗಿ ನೋಡಿದರು. ಭೂತಕೋಲವನ್ನು ಕಣ್ಣಾರೆ ಕಂಡಿರದ ಅಜ್ಜಿಯರು ಕೈಮುಗಿದು ಕೂತಿದ್ದರು. ಆಗ ಯಾರಿಗೂ ಭಾಷೆ ಅಡ್ಡ ಬರಲಿಲ್ಲವಲ್ಲ.

‘ಕಾಂತಾರ’ದ ಕಥೆ ನೇರ, ಇದರದು ಸುತ್ತು ಬಳಸಿದ್ದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ ಅಂತೀರಿ. ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಭಾಷೆಯ ಮಾತಷ್ಟೇ. ಆ ಭಾಷೆಯೇ ‘ಉಳಿದವರು ಕಂಡಂತೆ’ಯ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ. ಅಲ್ಲಿಯವರೆಗೆ ನಮ್ಮ ಸಿನಿಮಾಗಳಲ್ಲಿ ಮಂಗಳೂರು ಕನ್ನಡ ಮಾತಾಡುವವನು ಎಂದರೆ ನಗಿಸಲು ಬಂದ ಹೋಟೆಲ್ ಮಾಣಿ ಅಥವಾ ಭಟ್ಟ. ಧಾರವಾಡ, ಕಲಬುರ್ಗಿ ಕನ್ನಡಕ್ಕೂ ಅದೇ ಗತಿ: ನಾಯಕನ ಪಕ್ಕದಲ್ಲಿ ನಿಂತು “ಹೌದ್ರೀ ಯಪ್ಪಾ” ಅನ್ನಬೇಕು, ಜನ ನಗಬೇಕು. ಈ ಚಿತ್ರದಲ್ಲಿ ಪ್ರೀತಿ, ಸಿಟ್ಟು, ಸಾವು ಎಲ್ಲವೂ ಒಂದು ಸೀಮೆಯ ಮಾತಿನಲ್ಲೇ ನಡೆಯುತ್ತವೆ, ಆ ಮಾತಿನ ಸಲುವಾಗಿ ಯಾರೂ ನಗುವುದಿಲ್ಲ. ನಮ್ಮ ಸೀಮೆಯ ಮಾತಿಗೆ ಇಷ್ಟು ಮರ್ಯಾದೆ ಕೊಟ್ಟ ಸಿನಿಮಾ ನೋಡಲು ನಾವು ಎಷ್ಟು ಕಾಯಬೇಕೋ!

ಹಾಗಾದರೆ ಓಡಲಿಲ್ಲ ಏಕೆ? ಪ್ರಶ್ನೆಯನ್ನು ತಿರುಗಿಸಿ ಕೇಳಿ. ನಮ್ಮಲ್ಲಿಗೆ ಬಂದಿತ್ತೇ?

ನಮ್ಮ ತಾಲ್ಲೂಕು ಕೇಂದ್ರಕ್ಕೆ ಬರಲೇ ಇಲ್ಲ. ಜಿಲ್ಲಾ ಕೇಂದ್ರದಲ್ಲಿ ಹಾಕಿದರು, ಮುಂದಿನ ಶುಕ್ರವಾರ ಪೋಸ್ಟರ್ ಬದಲಾಗಿತ್ತು. ಮಾರ್ಚ್ ಎಂದರೆ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲ. ಸಿನಿಮಾಕ್ಕೆ ಓಡುವ ಹುಡುಗರೇ ಪುಸ್ತಕ ಹಿಡಿದು ಕೂತಿರುತ್ತಾರೆ. ಆ ವರ್ಷ ಅದರ ಮೇಲೆ ಲೋಕಸಭಾ ಚುನಾವಣೆ, ಏಪ್ರಿಲ್ 17ಕ್ಕೆ ನಮ್ಮ ರಾಜ್ಯದಲ್ಲಿ ಮತದಾನ. ಊರಿನ ಗಂಡಸರೆಲ್ಲ ಯಾರದೋ ಜೀಪಿನ ಹಿಂದೆ.

ಟಾಕೀಸಿನ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಶುಕ್ರವಾರ ಬಂದ ಚಿತ್ರದ ಹಣೆಬರಹ ಭಾನುವಾರದ ಗಳಿಕೆಗೆ ನಿರ್ಧಾರವಾಗುತ್ತದೆ. ಸೋಮವಾರ ವಿತರಕರು, ಟಾಕೀಸಿನವರು ಫೋನಿನಲ್ಲಿ ಮಾತಾಡುತ್ತಾರೆ, ಗುರುವಾರ ರಾತ್ರಿ ಚಿತ್ರ ಎತ್ತುತ್ತಾರೆ. ಹಳ್ಳಿಯಲ್ಲಿ ಸುದ್ದಿ ಹರಡುವ ರೀತಿ ಇದಲ್ಲ. ನಮ್ಮಲ್ಲಿ ಒಬ್ಬ ಸಂತೆಗೆ ಹೋದವನು ನೋಡಿ ಬರಬೇಕು, ಕಟ್ಟೆ ಮೇಲೆ ಕೂತು ಹೇಳಬೇಕು, ಮುಂದಿನ ಸಂತೆಯ ದಿನ ನಾಲ್ಕು ಜನ ಹೋಗಬೇಕು. ಅಂದರೆ ಎರಡು ವಾರ. ಎರಡನೇ ಸಂತೆ ಬರುವಷ್ಟರಲ್ಲಿ ಚಿತ್ರವೇ ಇರುವುದಿಲ್ಲ. ದೊಡ್ಡ ಹೀರೋ ಸಿನಿಮಾಕ್ಕೆ ಈ ತೊಂದರೆಯಿಲ್ಲ, ಅದರ ಕಟೌಟೇ ಡಂಗುರ ಸಾರುತ್ತದೆ. ಹೊಸ ನಿರ್ದೇಶಕನ ಚಿತ್ರಕ್ಕೆ ಬೇಕಾದದ್ದು ಬಾಯಿಮಾತು, ಬಾಯಿಮಾತಿಗೆ ಬೇಕಾದದ್ದು ದಿನಗಳು. ಆ ದಿನಗಳನ್ನು ಕೊಡದೆ, ಆಮೇಲೆ ಜನರ ಬುದ್ಧಿಯ ಮೇಲೆ ಗೂಬೆ ಕೂರಿಸಿದರೆ ಹೇಗೆ?

ಕೊನೆಗೆ ನಮ್ಮೂರಿಗೆ ಈ ಚಿತ್ರ ಬಂದದ್ದು ಮೊಬೈಲ್ ಅಂಗಡಿಯ ದಾರಿಯಲ್ಲಿ. ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿಗೆ ಹಾಕಿಕೊಡುತ್ತಿದ್ದರು. ಕಳ್ಳದಾರಿ, ಸಮರ್ಥಿಸುವುದಿಲ್ಲ. ಆದರೆ ನಡೆದದ್ದು ಹೇಳಬೇಕಲ್ಲ. ಅಂಗೈಯಗಲದ ಪರದೆಯಲ್ಲಿ, ಒಂದೊಂದೇ ಕಿವಿಗೆ ಇಯರ್‌ಫೋನ್ ಹಂಚಿಕೊಂಡು ಹುಡುಗರು ನೋಡಿದರು. ತಿಳಿಯದ ಜಾಗಕ್ಕೆ ಹಿಂದೆ ಹೋಗಿ ಮತ್ತೆ ನೋಡಿದರು. ಕಾಗೆಗಳು ಯಾಕೆ ಬರುತ್ತವೆ, ಮುನ್ನಾ ಏನು ಮಾಡಿದ ಎಂದು ಬಸ್‌ಸ್ಟ್ಯಾಂಡಿನಲ್ಲಿ ವಾದ ಮಾಡಿದರು. ಈಗ ‘ಕಲ್ಟ್ ಕ್ಲಾಸಿಕ್’ ಎಂಬ ಬಿರುದು ಕೊಡುವವರು ಆ ಬಿರುದು ಬೆಂಗಳೂರಿನ ಫಿಲ್ಮ್ ಕ್ಲಬ್ಬಿನಲ್ಲಿ ಹುಟ್ಟಿತು ಎಂದುಕೊಂಡಿದ್ದಾರೆ. ಅದರಲ್ಲಿ ಈ ಹುಡುಗರ ಪಾಲೂ ಇದೆ.

ಇನ್ನು ಅಭಿಮಾನಿಗಳಿಗೆ ಒಂದು ಮಾತು. ಚಿತ್ರ ಇಷ್ಟವಾಗಲಿಲ್ಲ ಎಂದವನನ್ನೆಲ್ಲ “ನಿನಗೆ ತಿಳಿಯಲಿಲ್ಲ” ಎಂದು ಬಾಯಿ ಮುಚ್ಚಿಸುವ ಚಾಳಿ ಬಿಡಿ. ತಿಳಿದೂ ಇಷ್ಟವಾಗದಿರಬಹುದು. ನಮ್ಮಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ಟಿವಿಯಲ್ಲಿ ಇದನ್ನು ಪೂರ್ತಿ ನೋಡಿ ಹೇಳಿದ್ದು: “ತಮ್ಮಾ, ಕಥಿ ತಿಳೀತು. ಆದ್ರ ಅಂವಾ ನಡಿಯೂದನ್ನ ಎಷ್ಟ್ ಹೊತ್ತು ತೋರಸ್ತಾರಪಾ!” ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಲಿಲ್ಲ. ನಟ ಮೊದಲ ಸಲ ನಿರ್ದೇಶಕನಾದಾಗ ಬರುವ ಗಂಡಾಂತರವೇ ಇದು. ಕ್ಯಾಮೆರಾ ಹಿಂದಿನ ರಕ್ಷಿತ್‌ಗೆ ಕ್ಯಾಮೆರಾ ಮುಂದಿನ ರಕ್ಷಿತ್ ಮೇಲೆ ಮೋಹ. ರಿಚ್ಚಿ ನಡೆದರೆ ಸ್ಲೋ ಮೋಷನ್, ರಿಚ್ಚಿ ನಿಂತರೆ ಸಂಗೀತ. ಬೇರೆಯವರು ಕಂಡಂತೆ ಹೇಳಬೇಕಾದ ಕಥೆಯಲ್ಲಿ ರಿಚ್ಚಿ ಮಾತ್ರ ಎಲ್ಲರ ಕಣ್ಣಿಗೂ ಒಂದೇ ಗತ್ತಿನಲ್ಲಿ ಕಾಣುವುದು ಹೇಗೆ?

ಇದು ಸಣ್ಣ ತಕರಾರಲ್ಲ. ಜಪಾನಿನ ಅಕಿರಾ ಕುರೊಸಾವಾ 1950ರಲ್ಲಿ ಮಾಡಿದ ‘ರಾಶೊಮಾನ್’ ಜೊತೆ ಈ ಚಿತ್ರವನ್ನು ಹೋಲಿಸುವವರು ಬಹಳ. ಅಲ್ಲಿ ಒಂದು ಕೊಲೆಯ ಬಗ್ಗೆ ದರೋಡೆಕೋರ, ಸತ್ತವನ ಹೆಂಡತಿ, ಸತ್ತವನ ಆತ್ಮ, ಸೌದೆ ಕಡಿಯುವವನು ಎಲ್ಲರೂ ಸಾಕ್ಷಿ ಹೇಳುತ್ತಾರೆ, ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಸುಳ್ಳು ಮಾಡುತ್ತದೆ. ಯಾರನ್ನು ನಂಬುವುದು ಎಂದು ನೋಡುವವನು ಒದ್ದಾಡಬೇಕು. ‘ಉಳಿದವರು ಕಂಡಂತೆ’ಯಲ್ಲಿ ಹೆಚ್ಚಿನ ಪಾಲು ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ತುಂಬುತ್ತಾನೆ, ಜಗಳವಾಡುವುದಿಲ್ಲ. ಹರಿದ ಕಾಗದದ ಚೂರುಗಳನ್ನು ಜೋಡಿಸಿದ ಹಾಗೆ. ಜೋಡಿಸುವುದರಲ್ಲಿ ಮಜಾ ಇದೆ, ಆದರೆ ಹೆಸರು ಕೊಟ್ಟ ಮಾತು ಅದಲ್ಲ. ಮುನ್ನಾ ದೂರದಿಂದ ನೋಡುತ್ತ ಪ್ರೀತಿಸುವ ಶಾರದೆಯ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಮುನ್ನಾ ಕಂಡ ಶಾರದೆ ಕಣ್ಣು ತುಂಬ ಇದ್ದಾಳೆ, ಶಾರದೆ ಕಂಡ ಮುನ್ನಾ ಎಲ್ಲಿ? ಕಿಶೋರ್ ಮಾತಿಲ್ಲದೆ ಆ ಭಾಗವನ್ನು ಎತ್ತಿ ನಿಲ್ಲಿಸಿದ್ದಾರೆ, ಚಿತ್ರದಲ್ಲಿ ನನಗೆ ತೀರ ಇಷ್ಟವಾದ ಭಾಗವೂ ಅದೇ. ಹಾಗಿದ್ದೂ ಈ ಪ್ರಶ್ನೆ ಬಿಡುವುದಿಲ್ಲ.

ಮತ್ತೆ ಆ ರೆಜಿನಾ! ಪಾತ್ರ ಮಾಡಿದ ಶೀತಲ್ ಶೆಟ್ಟಿ ನಿಜಜೀವನದಲ್ಲೂ ಸುದ್ದಿ ವಾಹಿನಿಯಲ್ಲಿ ವಾರ್ತೆ ಓದಿದವರು. ವರದಿಗಾರನಾಗಿ ನನಗೆ ಹೊಟ್ಟೆಕಿಚ್ಚು. ಎಲ್ಲರೂ ಆಕೆಯ ಮುಂದೆ ಕೂತು ಮನಸ್ಸು ಬಿಚ್ಚುತ್ತಾರೆ. ನಮ್ಮಲ್ಲಿ ಅಪಘಾತದ ಸ್ಥಳಕ್ಕೆ ಹೋದರೆ “ಮೊದಲು ಆ ಚಾನೆಲ್‌ನವರು ಬರಲಿ” ಅಂತಾರೆ.

ಮೆಚ್ಚುವವರು, ತೆಗಳುವವರು ಇಬ್ಬರಿಗೂ ಇಂಥ ಮಾತು ಆಡಲು ಜಾಗವಿತ್ತು. ಆದರೆ “ಕಾಲಕ್ಕಿಂತ ಮುಂದಿತ್ತು” ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಚ್ಚಿಹಾಕಿದರು. ಕಾಲಕ್ಕಿಂತ ಮುಂದಿತ್ತು ಎಂದರೆ ಚಿತ್ರದ ತಪ್ಪೂ ಇಲ್ಲ, ಹಂಚಿದವರ ತಪ್ಪೂ ಇಲ್ಲ, ಹಿಂದೆ ಬಿದ್ದ ಜನರದೇ ತಪ್ಪು! 2017ರಲ್ಲಿ ಇದೇ ಕಥೆ ನಿವಿನ್ ಪೌಲಿ ನಾಯಕನಾಗಿ ತಮಿಳಿನಲ್ಲಿ ‘ರಿಚಿ’ ಆಯಿತು. ಅಲ್ಲೂ ನಡೆಯಲಿಲ್ಲ. ತಮಿಳುನಾಡಿನ ಹಳ್ಳಿಯವರೂ ದಡ್ಡರೇ?

ಈ ಮಾತಿನಿಂದ ಆಗುವ ನಷ್ಟ ನಮಗೆ. ಗಾಂಧಿನಗರದಲ್ಲಿ ನಮ್ಮ ಊರುಗಳಿಗೆ ‘ಬಿ, ಸಿ ಸೆಂಟರ್’ ಎಂಬ ಹೆಸರಿದೆ. ಆ ಸೆಂಟರಿನವರಿಗೆ ಫೈಟು, ಐಟಂ ಸಾಂಗು ಸಾಕು, ಯೋಚನೆ ಮಾಡಿಸುವ ಚಿತ್ರ ಮಲ್ಟಿಪ್ಲೆಕ್ಸಿಗೆ ಎಂದು ಒಮ್ಮೆ ತೀರ್ಮಾನವಾದರೆ, ಮುಂದೆ ಬರುವ ಹೊಸ ನಿರ್ದೇಶಕರ ಚಿತ್ರಗಳು ನಮ್ಮ ತಾಲ್ಲೂಕಿನ ಗಡಿಯನ್ನೇ ದಾಟುವುದಿಲ್ಲ. ಚಿತ್ರ ಬರಲಿಲ್ಲ ಎಂದು ಟಾಕೀಸಿಗೆ ಜನ ಬರುವುದಿಲ್ಲ, ಜನ ಬರಲಿಲ್ಲ ಎಂದು ಟಾಕೀಸು ಮುಚ್ಚಿ ಕಲ್ಯಾಣಮಂಟಪವಾಗುತ್ತದೆ. ನಮ್ಮಲ್ಲಿ ಎರಡು ಟಾಕೀಸು ಹಾಗೇ ಹೋದವು. ಒಂದರಲ್ಲಿ ಈಗ ಗೋಡೌನ್ ಇದೆ, ಪರದೆ ಇದ್ದ ಗೋಡೆಗೆ ಮೆಕ್ಕೆಜೋಳದ ಚೀಲ ಒಟ್ಟಿದ್ದಾರೆ.

ಬೇಡಿಕೆ ದೊಡ್ಡದೇನಲ್ಲ. ಹೊಸ ನಿರ್ದೇಶಕನ ಚಿತ್ರಕ್ಕೆ ತಾಲ್ಲೂಕು ಟಾಕೀಸಿನಲ್ಲಿ ದಿನಕ್ಕೆ ಒಂದೇ ಆಟ ಕೊಡಿ, ಆದರೆ ಮೂರು ವಾರ ಕೊಡಿ. ಪತ್ರಕರ್ತರ ಪ್ರದರ್ಶನ ಬೆಂಗಳೂರಿನಲ್ಲಿ ಮಾತ್ರ ಮಾಡುವ ಬದಲು ವರ್ಷಕ್ಕೆ ನಾಲ್ಕು ಚಿತ್ರವನ್ನಾದರೂ ಜಿಲ್ಲೆಯಲ್ಲಿ ತೋರಿಸಿ. ನಾವೂ ಬರೆಯುತ್ತೇವೆ, ಬೈಯುತ್ತೇವೆ, ಜನ ಅದನ್ನು ಓದಿ ಹೋಗುತ್ತಾರೆ. ಪರೀಕ್ಷೆ ಮುಗಿದ ಮೇಲೆ, ಕೈಯಲ್ಲಿ ದುಡ್ಡು ಓಡಾಡುವ ಸುಗ್ಗಿ ಕಾಲ ನೋಡಿ ಬಿಡುಗಡೆ ಮಾಡಿ.

ರಕ್ಷಿತ್ ಶೆಟ್ಟಿ ರಿಚ್ಚಿಯನ್ನೇ ಮತ್ತೆ ಕೈಗೆತ್ತಿಕೊಂಡು ‘ರಿಚರ್ಡ್ ಆಂಟನಿ’ ಎಂಬ ಚಿತ್ರವನ್ನು 2021ರಲ್ಲಿ ಘೋಷಿಸಿದರು. ಅದು ತೆರೆಗೆ ಬಂದ ಶುಕ್ರವಾರ ನಮ್ಮ ತಾಲ್ಲೂಕಿನಲ್ಲಿ ಉಳಿದಿರುವ ಒಂದೇ ಟಾಕೀಸಿನ ಮುಂದೆ ನಾನು ನಿಂತಿರುತ್ತೇನೆ. ಪೋಸ್ಟರ್ ಇದೆಯೋ ಇಲ್ಲವೋ, ಇದ್ದರೆ ಎಷ್ಟು ದಿನ ಇರುತ್ತದೆ, ಇಲ್ಲೇ ಬರೆಯುತ್ತೇನೆ. ನಿಮ್ಮ ತಾಲ್ಲೂಕಿನ ಲೆಕ್ಕವನ್ನು ನೀವೂ ಬರೆದು ಕಳಿಸಿ.