ಬುದ್ಧಿ ಹೇಳೋರು ಸಾಕು, ಕೇಳೋರು ಬೇಕು

ಬನವಾಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಶಿರಸಿಯ ಹಾಸ್ಟೆಲುಗಳಿಗೆ ಬಂದು ಸೇರುವ ನಮ್ಮ ಹುಡುಗ ಹುಡುಗಿಯರಿಗೆ ಬುದ್ಧಿ ಹೇಳುವವರ ಬರವಿಲ್ಲ. ವಾರ್ಡನ್ ಹೇಳ್ತಾರೆ, ಮೇಷ್ಟ್ರು ಹೇಳ್ತಾರೆ, ಭಾಷಣಕ್ಕೆ ಬಂದ ಮುಖಂಡರೂ ಹೇಳ್ತಾರೆ: ಧೈರ್ಯವಾಗಿರು, ಚೆನ್ನಾಗಿ ಓದು. ಒಬ್ಬ ನಾಲ್ಕು ದಿನದಿಂದ ಊಟಕ್ಕೆ ಏಳದೆ ಗೋಡೆಗೆ ಮುಖ ಮಾಡಿ ಮಲಗಿದ್ದರೆ ಅವನ ಪಕ್ಕ ಕೂತು ಕೇಳುವವರು ಯಾರು?

ಕೇಳುವುದೂ ಒಂದು ಕಸುಬು ಗೆಳೆಯರೇ. ಆಪ್ತಸಮಾಲೋಚನೆ ಅಂತ ಅದರ ಹೆಸರು. ಪದವಿ ಇಲ್ಲದವರಿಗೂ ಇದನ್ನು ಕಲಿಸಬಹುದೆಂದು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ತೋರಿಸಿದರು, ಕನ್ನಡದಲ್ಲೇ ಪುಸ್ತಕ ಬರೆದರು. ಅಮೆರಿಕದ ಕಾರ್ಲ್ ರೋಜರ್ಸ್ 1957ರಲ್ಲೇ ಇದಕ್ಕೆ ಬೇಕಾದ ಗುಣಗಳನ್ನು ಬರೆದಿಟ್ಟ: ಎದುರಿನವನ ಕಣ್ಣಿನಿಂದ ನೋಡುವುದು, ನಾಟಕ ಆಡದಿರುವುದು, ಅವನನ್ನು ಷರತ್ತಿಲ್ಲದೆ ಒಪ್ಪುವುದು. (ಷರತ್ತಿಲ್ಲದೆ ಒಪ್ಪುವುದು! ಇದನ್ನು ಕೇರಿಯಲ್ಲಿ ನಿಂತು ಓದಬೇಕು.) 'ಯಾಕೆ ಹೀಗೆ ಮಾಡಿದೆ' ಅಂದರೆ ಅವನು ಆರೋಪಿಯಾಗಿಬಿಡ್ತಾನೆ, 'ಏನಾಯ್ತು' ಅಂದರೆ ಬಾಯಿ ಬಿಡ್ತಾನೆ.

ಆದರೆ ಈ ಸಿದ್ಧಾಂತಗಳನ್ನು ನಾವು ಕಣ್ಣು ಮುಚ್ಚಿ ನುಂಗಬಾರದು. ಆರನ್ ಬೆಕ್‌ನ ಪದ್ಧತಿಯಲ್ಲಿ ದುಃಖ ತರುವ ಯೋಚನೆಗೆ ಪುರಾವೆ ಇದೆಯಾ ಅಂತ ಪರೀಕ್ಷೆ ಮಾಡಿಸ್ತಾರೆ. 'ಎಲ್ಲರೂ ನನ್ನನ್ನು ಕೀಳಾಗಿ ನೋಡ್ತಾರೆ' ಅಂತ ನಮ್ಮ ಹುಡುಗ ಅಂದರೆ, ಜಾತಿ ಗೊತ್ತಿಲ್ಲದ ಸಮಾಲೋಚಕ ಅದನ್ನು ಮನಸ್ಸಿನ ಭ್ರಮೆ ಅಂತ ಬರಕೊಳ್ತಾನೆ. ದೆಹಲಿಯ ಏಮ್ಸ್‌ನಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಜಾತಿ ತಾರತಮ್ಯ ನಡೆದದ್ದನ್ನು 2007ರಲ್ಲಿ ಥೋರಟ್ ಸಮಿತಿ ವರದಿಯಲ್ಲೇ ಬರೆಯಿತು. ಅದೂ ಭ್ರಮೆಯಾ? ರೋಹಿತ್ ವೇಮುಲ ತೀರಿಕೊಂಡದ್ದು 2016ರ ಜನವರಿಯಲ್ಲಿ.

ಹಾಗಂತ ಬೆಕ್‌ನನ್ನು ಬಿಸಾಡಬೇಕಿಲ್ಲ. 'ಅವರು ಕೀಳಾಗಿ ನೋಡ್ತಾರೆ' ಅನ್ನುವುದಕ್ಕೆ ಪುರಾವೆ ಇದೆ. 'ಅದಕ್ಕೇ ನಾನು ಕೀಳು' ಅನ್ನುವುದಕ್ಕೆ ಇಲ್ಲ. ಇವೆರಡನ್ನೂ ಬಿಡಿಸಿ ತೋರಿಸುವುದೇ ನಮ್ಮವರಿಗೆ ಬೇಕಾದ ಕೆಲಸ. ಮೊದಲನೆಯದಕ್ಕೆ ದೂರು, ಹೋರಾಟ. ಎರಡನೆಯದಕ್ಕೆ ಪಕ್ಕದಲ್ಲಿ ಕೂರುವ ಗೆಳೆಯ.

ಗುಟ್ಟು ಗುಟ್ಟಾಗೇ ಇರಬೇಕು. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಒಬ್ಬರೇ ಹೊರದೆ, ಅವನನ್ನು ಒಂಟಿ ಬಿಡದೆ, ನಂಬಿಕೆಯ ಹಿರಿಯರಿಗೆ ಹೇಳಿ. ಆಸ್ಪತ್ರೆಗೆ ಕರಕೊಂಡು ಹೋಗಿ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕಾಸಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಡಿಗ್ರಿ ಮುಗಿಸುವವರಲ್ಲಿ ಕೆಲವರಾದರೂ ಧಾರವಾಡಕ್ಕೆ ಹೋಗಿ ಎಂ.ಎಸ್.ಡಬ್ಲ್ಯೂ. ಸೇರಿ, ಆ ಕುರ್ಚಿಗಳಲ್ಲಿ ನಮ್ಮವರು ಕೂರಬೇಕು. ಉಳಿದವರು ಈ ಭಾನುವಾರದಿಂದಲೇ ಇಬ್ಬಿಬ್ಬರು ಕೂತು ಅಭ್ಯಾಸ ಮಾಡೋಣ. ಒಬ್ಬರು ಹೇಳಲಿ, ಇನ್ನೊಬ್ಬರು ಹತ್ತು ನಿಮಿಷ ಬುದ್ಧಿ ಹೇಳದೆ ಕೇಳಲಿ. ನಾಲಿಗೆ ತುರಿಸುತ್ತೆ, ತಡಕೊಳ್ಳಿ.