ಕೋಳಿಗೂಡೂ ಕಾಯಿದೆಯೂ

ಮುಂಬಯಿಯ ಚಾಳುಗಳ ಹಿಂದೆಯೂ ಗುಡ್ಡದ ಮೇಲಿನ ಜೋಪಡಿಗಳ ಮಗ್ಗುಲಲ್ಲಿಯೂ ನಾಲ್ಕಾರು ಕೋಳಿ ಸಾಕಿಕೊಂಡಿರುವ ನಮ್ಮವರು ಅನೇಕರು. ನೆರೆಯವರು ದೂರು ಕೊಟ್ಟರೆಂದೂ ಗೂಡನ್ನು ಕಿತ್ತೊಗೆಯುವೆವೆಂದು ಯಾರೋ ಬಂದು ಬೆದರಿಸಿಹೋದರೆಂದೂ ಇವರಲ್ಲಿ ಕೆಲವರು ನಮ್ಮ ಸಂಘಕ್ಕೆ ಬಂದು ಹೇಳಿಕೊಳ್ಳುವುದುಂಟು. ಕಾಯಿದೆ ಏನೆನ್ನುತ್ತದೆಂಬುದು ಬೆದರಿಸಿದವರಿಗೂ ತಿಳಿದಿರುವುದಿಲ್ಲ, ಬೆದರಿದವರಿಗೂ ತಿಳಿದಿರುವುದಿಲ್ಲ. ಆದುದರಿಂದ ಈ ಸಣ್ಣ ವಿಷಯದ ಮೇಲೆ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರಿತು.

1888ರ ಮುಂಬಯಿ ಮ್ಯುನಿಸಿಪಲ್ ಕಾಯಿದೆಯ 384ನೆಯ ಕಲಮಿನ ಮೇರೆಗೆ ಹಂದಿ ಸಾಕಬೇಕಾದರೆ ಕಮಿಶನರರ ಲಿಖಿತ ಅಪ್ಪಣೆ ಬೇಕು. ಮಿಕ್ಕ ಪ್ರಾಣಿಗಳನ್ನು ಇತರರಿಗೆ ಉಪದ್ರವವಾಗುವಂತೆ ಇಲ್ಲವೆ ಅಪಾಯವಾಗುವಂತೆ ಸಾಕಕೂಡದೆಂದು ಅದೇ ಕಲಮು ಹೇಳುತ್ತದೆ. ಗೂಡಿನಲ್ಲಿ ಕೋಳಿ ಇದ್ದ ಮಾತ್ರಕ್ಕೆ ಅಪರಾಧವಾಯಿತೆಂದು ಅಲ್ಲಿ ಬರೆದಿಲ್ಲ. ಉಪದ್ರವವಾಯಿತೆಂದು ತೋರಿಸಬೇಕು. ವ್ಯಾಪಾರಕ್ಕೆಂದು ಸಾಕುವವರ ಮಾತು ಬೇರೆ. ಮನೆಯ ಮಕ್ಕಳಿಗೆ ಮೊಟ್ಟೆ ಸಿಗಲೆಂದು ಸಾಕುವ ತಾಯಿಯ ಮಾತು ಬೇರೆ.

ಉಪದ್ರವವೆಂಬುದು ಎಲ್ಲರ ಪಾಲಿಗೂ ಒಂದೇ ಅಳತೆಯದಾಗಿರಬೇಕಷ್ಟೆ? ಹತ್ತನೆಯ ಮಾಳಿಗೆಯ ನಾಯಿ ರಾತ್ರಿಯಿಡೀ ಬೊಗಳಿದರೆ ಅದು ಸಾಹೇಬರ ಪ್ರೀತಿಯ ಪ್ರಾಣಿ. ಸೊಸೈಟಿಗಳು ಸಾಕುನಾಯಿಯನ್ನು ನಿಷೇಧಿಸಕೂಡದೆಂದು ಪ್ರಾಣಿ ಕಲ್ಯಾಣ ಮಂಡಳಿಯ ಸೂಚನೆಯೇ ಇದೆ. ಅದು ಸರಿಯಾದ ಸೂಚನೆಯೇ, ನಮ್ಮ ತಕರಾರಿಲ್ಲ. ಆದರೆ ಜೋಪಡಿಯ ಹುಂಜ ನಸುಕಿನಲ್ಲಿ ಕೂಗಿದರೆ ಮಾತ್ರ ಊರೇ ಕೆಟ್ಟುಹೋಯಿತೆನ್ನುವುದು ಯಾವ ನ್ಯಾಯ? ಊರಿನಲ್ಲಿ ಸರಕಾರವೇ ಬಡ ಹೆಂಗಸರಿಗೆ ಹಿತ್ತಿಲ ಕೋಳಿಮರಿ ಹಂಚುತ್ತದೆ; ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಗಿರಿರಾಜ ತಳಿಯನ್ನು ಬೆಳೆಸಿದ್ದೇ ಇಂಥವರಿಗಾಗಿ. ಅದೇ ಹೆಂಗಸು ಕೂಲಿಗಾಗಿ ಇಲ್ಲಿಗೆ ಬಂದೊಡನೆ ತಪ್ಪಿತಸ್ಥಳಾಗುತ್ತಾಳೆ!

ಹಾಗೆಂದು ನಮ್ಮವರ ಕಡೆ ಲೋಪವೇ ಇಲ್ಲವೆನ್ನುವಂತಿಲ್ಲ. ಗೂಡಿನ ಹಿಕ್ಕೆಯನ್ನು ಗಟಾರಕ್ಕೆ ತಳ್ಳುವುದು, ಸತ್ತ ಕೋಳಿಯನ್ನು ಕಚರಾಪೆಟ್ಟಿಗೆಗೆ ಎಸೆಯುವುದು, ನಲ್ಲಿಯ ಬಳಿಯೇ ಗೂಡು ಕಟ್ಟುವುದು ಇವೆಲ್ಲ ಉಪದ್ರವವೇ. ಮೊಟ್ಟೆಗಾಗಿ ಹುಂಜ ಬೇಕೇಬೇಕೆಂಬುದೊಂದು ತಪ್ಪು ನಂಬಿಕೆ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ. ಮರಿ ಬೇಕಾದವರಿಗೆ ಮಾತ್ರ ಹುಂಜ ಬೇಕು. ಹುಂಜವನ್ನು ಬಿಟ್ಟುಕೊಟ್ಟರೆ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ. ರಾಣಿಖೇತ್ ರೋಗದ ಲಸಿಕೆ ಹಾಕಿಸುವುದನ್ನೂ ಮರೆಯಕೂಡದು. 2006ರ ಫೆಬ್ರವರಿಯಲ್ಲಿ ಇದೇ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ದೊಡ್ಡ ಫಾರಮುಗಳ ಜೊತೆಗೆ ಸುತ್ತಲಿನ ಹಿತ್ತಿಲ ಕೋಳಿಗಳನ್ನೂ ಕೊಲ್ಲಬೇಕಾಯಿತು. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ಅಂಥ ಕೋಳಿಯನ್ನು ಕೊಯ್ದು ತಿನ್ನುವುದಂತೂ ಪ್ರಾಣಕ್ಕೆ ಎರವು.

ಅಧಿಕಾರಿಗಳಿಗೆ ನಾವು ಒಂದು ಹಳೆಯ ಸಂಗತಿಯನ್ನು ನೆನಪಿಸಬಯಸುತ್ತೇವೆ. ಈ ನಗರದ ಗಲ್ಲಿಗಳಲ್ಲಿದ್ದ ಎಮ್ಮೆಯ ತಬೇಲೆಗಳು ದುರ್ನಾತಕ್ಕೂ ರೋಗಕ್ಕೂ ಕಾರಣವಾದಾಗ ಬರಿದೆ ನೋಟೀಸು ಅಂಟಿಸಿ ಕೈತೊಳೆದುಕೊಳ್ಳಲಿಲ್ಲ. 1949ರಲ್ಲಿ ದಾರಾ ಖುರೋಡಿಯವರ ಮುತುವರ್ಜಿಯಿಂದ ಆರೆಯಲ್ಲಿ ಹಾಲಿನ ಕಾಲೊನಿ ಎದ್ದಿತು; ಸುಮಾರು 16,000 ದನ ಎಮ್ಮೆಗಳಿಗೆ ಕೊಟ್ಟಿಗೆ, ನೀರು, ಹುಲ್ಲುಗಾವಲು ಒದಗಿತು. ಊರೂ ಚೊಕ್ಕಟವಾಯಿತು, ಗವಳಿಗಳ ಕಸುಬೂ ಉಳಿಯಿತು. ತಬೇಲೆಯ ಮಾಲಕರಿಗೆ ಅಷ್ಟು ದೊಡ್ಡ ಏರ್ಪಾಡು ಸಾಧ್ಯವಾಗಿದ್ದರೆ, ಕೂಲಿಕಾರರ ವಸತಿಯೊಂದಕ್ಕೆ ನಲ್ಲಿಯಿಂದ ದೂರದಲ್ಲಿ ಹತ್ತು ಮೊಳ ಜಾಗ ಗುರುತಿಸಿಕೊಡುವುದು ಅಸಾಧ್ಯವೇ? ಜೋಪಡಿ ಕೆಡವಿ ಕಟ್ಟುವ ಬಹುಮಾಳಿಗೆಗಳಲ್ಲಿ ಸಿಗುವುದು 300 ಚದರಡಿಯ ಕೋಣೆ. ಅಲ್ಲಿ ಮನುಷ್ಯರಿಗೇ ಕಾಲು ಚಾಚಲು ಎಡೆಯಿಲ್ಲ, ಕೋಳಿಯ ಮಾತೆಲ್ಲಿ ಬಂತು! ಆ ನಕ್ಷೆಗಳನ್ನು ಬರೆಯುವವರು ನೆಲಮಾಳಿಗೆಯ ಒಂದು ಮೂಲೆಯನ್ನಾದರೂ ಇದಕ್ಕೆ ಬಿಟ್ಟರೆ ಅವರ ಗಂಟೇನೂ ಹೋಗದು.

ನಾವು ಕೇಳುವುದು ಇಷ್ಟೇ: ಮೊದಲು ಬರಹದ ನೋಟೀಸು ಬರಲಿ, ಅದರಲ್ಲಿ ಉಪದ್ರವ ಯಾವುದೆಂದು ಸ್ಪಷ್ಟವಾಗಿರಲಿ, ಸರಿಪಡಿಸಿಕೊಳ್ಳಲು ಕೆಲವು ದಿನದ ಗಡುವಿರಲಿ. ನೋಟೀಸಿಲ್ಲದೆ ಗೂಡಿಗೆ ಕೈಹಚ್ಚಲು ಬಂದವರ ಹೆಸರು, ಹುದ್ದೆ ಕೇಳಿ ಬರೆದುಕೊಳ್ಳಿರಿ. ನೋಟೀಸು ಬಂದಿದ್ದರೆ ಹರಿದೊಗೆಯದೆ ಸಂಘಕ್ಕೆ ತನ್ನಿರಿ. ಓದಿ ಹೇಳುವುದಕ್ಕೂ ಉತ್ತರ ಬರೆದುಕೊಡುವುದಕ್ಕೂ ನಮ್ಮ ಕಾರ್ಯಕರ್ತರಿದ್ದಾರೆ.