ಅದಿರಿದ್ದರೆ ಸಾಲದು, ಬೇರ್ಪಡಿಸುವ ಕಸುಬು ಬೇಕು



ಏಳು ವಿರಳ ಲೋಹಗಳ ರಫ್ತಿಗೆ ಚೀನಾ 2025ರ ಏಪ್ರಿಲ್ 4ರಂದು ಪರವಾನಗಿ ಕಡ್ಡಾಯ ಮಾಡಿತು. ಸಮೇರಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಮುಂತಾದ ಈ ಲೋಹಗಳಷ್ಟೇ ಅಲ್ಲ, ಅವುಗಳನ್ನು ಬಳಸಿದ ಅಯಸ್ಕಾಂತಗಳೂ ಪಟ್ಟಿಗೆ ಸೇರಿದವು. ಅಮೆರಿಕ ಸುಂಕ ಏರಿಕೆ ಘೋಷಿಸಿದ ಎರಡೇ ದಿನಕ್ಕೆ ಬಂದ ಆದೇಶ ಅದು. ಪೂರೈಕೆ ಇಲ್ಲದೆ ಮೇ ತಿಂಗಳಲ್ಲಿ ಷಿಕಾಗೊದ ಫೋರ್ಡ್ ಕಾರ್ಖಾನೆ ಒಂದು ವಾರ ಬಾಗಿಲು ಹಾಕಿತು, ಜಪಾನಿನಲ್ಲಿ ಸುಜುಕಿ ಸ್ವಿಫ್ಟ್ ಕಾರಿನ ತಯಾರಿಕೆ ನಿಂತಿತು. ಭಾರತದ ವಿದ್ಯುತ್ ಸ್ಕೂಟರ್ ತಯಾರಕರಿಗೂ ಬಿಸಿ ತಟ್ಟಿತು. ಅಂದಿನಿಂದ ಇಲ್ಲಿನ ಚರ್ಚೆಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ: ಭಾರತದ ನೆಲದಲ್ಲೂ ಈ ಖನಿಜ ಬೇಕಾದಷ್ಟಿದೆ, ಅಗೆದು ತೆಗೆದರೆ ಚಿಂತೆಯಿಲ್ಲ. ಈ ತಿಳಿವಳಿಕೆ ತಪ್ಪು. ಚೀನಾದ ಬಲ ಗಣಿಯಲ್ಲಿಲ್ಲ, ಗಣಿಗೂ ಕಾರ್ಖಾನೆಗೂ ನಡುವಿನ ಕೆಲಸದಲ್ಲಿದೆ.

ಹದಿನೇಳು ಲೋಹಗಳ ಈ ಬಳಗ ಭೂಮಿಯಲ್ಲಿ ಒಂದರೊಳಗೊಂದು ಬೆರೆತೇ ಸಿಗುತ್ತದೆ. ರಾಸಾಯನಿಕ ಗುಣದಲ್ಲಿ ಅವು ಎಷ್ಟು ಹತ್ತಿರವೆಂದರೆ ಒಂದನ್ನು ಕರಗಿಸುವ ಆಮ್ಲ ಪಕ್ಕದ್ದನ್ನೂ ಕರಗಿಸುತ್ತದೆ. ಆದ್ದರಿಂದ ಅದಿರನ್ನು ಕರಗಿಸಿ, ಆ ದ್ರಾವಣವನ್ನು ಸೀಮೆಎಣ್ಣೆಯಂಥ ದ್ರವದಲ್ಲಿ ಬೆರೆಸಿದ ವಿಶೇಷ ರಾಸಾಯನಿಕದ ಜೊತೆ ಚೆನ್ನಾಗಿ ಕಲಕಿ, ಎಣ್ಣೆ ಮೇಲೆ, ನೀರು ಕೆಳಗೆ ನಿಲ್ಲುವವರೆಗೆ ಬಿಡುತ್ತಾರೆ. ಒಂದು ಲೋಹ ಮತ್ತೊಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗಿ ಎಣ್ಣೆಯ ಕಡೆಗೆ ಸರಿಯುತ್ತದೆ, ಅಷ್ಟೇ. ಈ ಅಲ್ಪ ಅಂತರವನ್ನು ಹಿಗ್ಗಿಸಲು ಸಾಲಾಗಿ ಜೋಡಿಸಿದ ನೂರಾರು ತೊಟ್ಟಿಗಳಲ್ಲಿ ಅದೇ ಕೆಲಸ ನಡೆಯಬೇಕು. ಎಣ್ಣೆ ಒಂದು ದಿಕ್ಕಿಗೆ, ನೀರು ಎದುರು ದಿಕ್ಕಿಗೆ ಹರಿಯುತ್ತಿರಬೇಕು. ಮೊದಲ ತೊಟ್ಟಿಯಲ್ಲಿ ಆಮ್ಲದ ಪ್ರಮಾಣ ಬದಲಿಸಿದರೆ ಅದರ ಫಲ ಕೊನೆಯ ತೊಟ್ಟಿಯಲ್ಲಿ ಸ್ಥಿರವಾಗಿ ಕಾಣಲು ವಾರಗಳೇ ಹಿಡಿಯಬಹುದು. ಪೀಕಿಂಗ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಶು ಗುವಾಂಗ್‌ಶಿಯಾನ್ 1970ರ ದಶಕದಲ್ಲಿ ಈ ಸಾಲುಗಳನ್ನು ಲೆಕ್ಕದಿಂದಲೇ ವಿನ್ಯಾಸಗೊಳಿಸುವ ಸಿದ್ಧಾಂತ ರೂಪಿಸಿದರು. ಚೀನಾ ಅವರಿಗೆ ತನ್ನ ಅತ್ಯುನ್ನತ ವಿಜ್ಞಾನ ಪ್ರಶಸ್ತಿ ಕೊಟ್ಟದ್ದು 2008ರಲ್ಲಿ. ಈ ನಡುವಿನ ಮೂರು ದಶಕಗಳ ದುಡಿಮೆಯೇ ಇಂದು ಜಗತ್ತಿನ ಸುಮಾರು ಶೇ 90ರಷ್ಟು ಶುದ್ಧೀಕರಣವನ್ನು ಒಂದು ದೇಶದ ಕೈಗೆ ಕೊಟ್ಟಿದೆ.

ಬೇರ್ಪಡಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ವಿರಳ ಲೋಹ ನಿಯೋಡಿಮಿಯಂ, ಕಬ್ಬಿಣ, ಬೋರಾನ್‌ಗಳ ಮಿಶ್ರಲೋಹವನ್ನು ಕೆಲವೇ ಮೈಕ್ರಾನ್ ಗಾತ್ರದ ಪುಡಿ ಮಾಡಬೇಕು. ಗಾಳಿ ತಗುಲಿದರೆ ಆ ಪುಡಿ ಹೊತ್ತಿಕೊಳ್ಳುತ್ತದೆ. ಅದನ್ನು ಕಾಂತಕ್ಷೇತ್ರದೊಳಗಿಟ್ಟು ಒತ್ತಿ, ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಬೇಯಿಸಿದರೆ ಅಯಸ್ಕಾಂತವಾಗುತ್ತದೆ. ಮೋಟಾರಿನ ಬಿಸಿಯಲ್ಲಿ ಅದರ ಶಕ್ತಿ ಕುಂದದಿರಲು ತುಸು ಡಿಸ್ಪ್ರೋಸಿಯಂ ಸೇರಿಸುತ್ತಾರೆ. ಇನ್ನೂ ಹೆಚ್ಚಿನ ಶಾಖ ತಡೆಯಬೇಕಾದ ಕಡೆ, ಅಂದರೆ ಕ್ಷಿಪಣಿ ಮತ್ತು ಯುದ್ಧವಿಮಾನಗಳಲ್ಲಿ, ಸಮೇರಿಯಂ–ಕೋಬಾಲ್ಟ್ ಬೇಕು. ಅಮೆರಿಕದ ಒಂದು ಎಫ್‌–35 ವಿಮಾನದಲ್ಲಿ 400 ಕಿಲೊಗೂ ಹೆಚ್ಚು ವಿರಳ ಲೋಹ ಸಾಮಗ್ರಿ ಇದೆ ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಆ ವಿಮಾನದ ಬಿಡಿಭಾಗವೊಂದರ ಅಯಸ್ಕಾಂತದಲ್ಲಿ ಚೀನಾದ ಮಿಶ್ರಲೋಹ ಇರುವುದು 2022ರಲ್ಲಿ ಪತ್ತೆಯಾಗಿ ಹೊಸ ವಿಮಾನಗಳ ಹಸ್ತಾಂತರವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ಈ ವಿದ್ಯೆ ಅಮೆರಿಕಕ್ಕೆ ಹೊಸದಲ್ಲ. ನಿಯೋಡಿಮಿಯಂ ಅಯಸ್ಕಾಂತವನ್ನು 1980ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ಸುಮಿಟೊಮೊ ಬಳಗದ ಕಂಪನಿ ಮತ್ತು ಅಮೆರಿಕದ ಜನರಲ್ ಮೋಟಾರ್ಸ್‌ನ ವಿಜ್ಞಾನಿಗಳು. ಜನರಲ್ ಮೋಟಾರ್ಸ್ ಅದಕ್ಕೆಂದೇ ಇಂಡಿಯಾನಾ ರಾಜ್ಯದಲ್ಲಿ ಮ್ಯಾಗ್ನಿಕ್ವೆಂಚ್ ಎಂಬ ಘಟಕ ಕಟ್ಟಿತ್ತು. 1995ರಲ್ಲಿ ಅದನ್ನು ಚೀನೀ ಕಂಪನಿಗಳಿದ್ದ ಕೂಟಕ್ಕೆ ಮಾರಲಾಯಿತು, ಸರ್ಕಾರ ಒಪ್ಪಿಗೆಯನ್ನೂ ಕೊಟ್ಟಿತು. ಮುಂದಿನ ಹತ್ತು ವರ್ಷಗಳಲ್ಲಿ ತಯಾರಿಕೆ ಚೀನಾಕ್ಕೆ ಹೋಯಿತು. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ ಒಂದು ಕಾಲಕ್ಕೆ ಜಗತ್ತಿಗೇ ವಿರಳ ಲೋಹ ಒದಗಿಸುತ್ತಿತ್ತು. ತ್ಯಾಜ್ಯ ನೀರಿನ ಸೋರಿಕೆ ಮತ್ತು ಚೀನಾದ ಅಗ್ಗದ ಬೆಲೆ ಎರಡೂ ಸೇರಿ 2002ರಲ್ಲಿ ಅದು ಮುಚ್ಚಿತು. ಬೆಲೆ ಏರಿದಾಗ ಮತ್ತೆ ತೆರೆದ ಮಾಲಿಕಾರ್ಪ್ ಕಂಪನಿ, ಬೆಲೆ ಕುಸಿದ ಮೇಲೆ 2015ರಲ್ಲಿ ದಿವಾಳಿಯಾಯಿತು. ಈಗಿನ ಮಾಲೀಕ ಎಂಪಿ ಮೆಟೀರಿಯಲ್ಸ್ ಗಣಿಗಾರಿಕೆ ಆರಂಭಿಸಿದರೂ ವರ್ಷಗಟ್ಟಲೆ ತನ್ನ ಅದಿರನ್ನು ಶುದ್ಧೀಕರಣಕ್ಕೆ ಕಳಿಸುತ್ತಿದ್ದುದು ಚೀನಾಕ್ಕೇ. ಅಗೆದರೆ ಸಾಕು ಎನ್ನುವವರು ಈ ಒಂದು ಸಂಗತಿಯನ್ನು ಗಮನಿಸಿದರೂ ಸಾಕು: ಸ್ವಂತ ಗಣಿಯಿದ್ದ ಮಹಾಶಕ್ತಿಯೇ ಸ್ಪರ್ಧಿಯ ಬಾಗಿಲಿಗೆ ಅದಿರು ಹೊತ್ತು ಹೋಗುತ್ತಿತ್ತು.

ಜಪಾನ್ ಬೇರೆ ದಾರಿ ಹಿಡಿಯಿತು. ಸೆನ್ಕಾಕು ದ್ವೀಪಗಳ ಬಳಿ 2010ರ ಸೆಪ್ಟೆಂಬರಿನಲ್ಲಿ ಚೀನೀ ಮೀನುಗಾರಿಕಾ ದೋಣಿಯೊಂದು ಜಪಾನಿನ ಕಾವಲು ಹಡಗುಗಳಿಗೆ ಡಿಕ್ಕಿ ಹೊಡೆದ ನಂತರ ಚೀನಾದಿಂದ ಜಪಾನಿಗೆ ವಿರಳ ಲೋಹದ ಪೂರೈಕೆ ನಿಂತುಹೋಗಿತ್ತು. ಮರುವರ್ಷವೇ ಜಪಾನಿನ ಸರ್ಕಾರಿ ಸಂಸ್ಥೆ ಮತ್ತು ಸೋಜಿಟ್ಸ್ ಕಂಪನಿ ಸೇರಿ ಆಸ್ಟ್ರೇಲಿಯಾದ ವಿರಳ ಲೋಹ ಗಣಿ ಕಂಪನಿಯಾದ ಲೈನಸ್ಸಿಗೆ 25 ಕೋಟಿ ಡಾಲರ್ ಒದಗಿಸಿದವು. ಮಾರುಕಟ್ಟೆ ಕುಸಿದು ಲೈನಸ್ ಒದ್ದಾಡುತ್ತಿದ್ದ ವರ್ಷಗಳಲ್ಲೂ ಜಪಾನ್ ಕೈಬಿಡಲಿಲ್ಲ, ಸಾಲದ ಷರತ್ತುಗಳನ್ನು ಸಡಿಲಿಸಿತು. ಆ ಕಂಪನಿಯ ಮಲೇಷ್ಯಾ ಘಟಕ 2025ರ ಮೇನಲ್ಲಿ ಡಿಸ್ಪ್ರೋಸಿಯಂ ಆಕ್ಸೈಡ್ ಬೇರ್ಪಡಿಸಿತು. ಹದಿನಾಲ್ಕು ವರ್ಷ ಹಿಡಿಯಿತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಚೀನಾ ಲೋಹದಲ್ಲಿ ಬಳಸುವಂಥ ಹಿಡಿತವನ್ನೇ ಅಮೆರಿಕ ಚಿಪ್ ವಿಷಯದಲ್ಲಿ ಚೀನಾದ ಮೇಲೆ ಬಳಸುತ್ತಿದೆ. 2022ರ ಅಕ್ಟೋಬರ್ 7ರ ನಿಯಮಗಳು ತಡೆದದ್ದು ಚಿಪ್‌ಗಳನ್ನು ಮಾತ್ರವಲ್ಲ, ಅವನ್ನು ಮಾಡುವ ಯಂತ್ರಗಳನ್ನೂ. 2025ರ ಮೇ ಕೊನೆಯಲ್ಲಿ ಚಿಪ್ ವಿನ್ಯಾಸದ ತಂತ್ರಾಂಶಕ್ಕೂ ತಡೆ ಬಿತ್ತು.  ಆದರೆ ಚೀನಾ ವಿರಳ ಲೋಹದ ಪರವಾನಗಿ ಬಿಗಿ ಮಾಡಿದ್ದರಿಂದ ಜುಲೈ ಆರಂಭದಲ್ಲೇ ಆ ತಡೆಯನ್ನು ಹಿಂತೆಗೆಯಬೇಕಾಯಿತು. ತನ್ನ ಬಲ ಎಲ್ಲಿದೆ ಎಂಬುದು ಚೀನಾಕ್ಕೆ ಚೆನ್ನಾಗಿ ಗೊತ್ತು. 2023ರ ಡಿಸೆಂಬರಿನಲ್ಲಿ ಅದು ನಿಷೇಧಿಸಿದ್ದು ಲೋಹದ ರಫ್ತನ್ನಲ್ಲ, ಬೇರ್ಪಡಿಸುವ ಮತ್ತು ಅಯಸ್ಕಾಂತ ಮಾಡುವ ತಂತ್ರಜ್ಞಾನದ ರಫ್ತನ್ನು.

ಇನ್ನು ಭಾರತ. ಕೇರಳ, ತಮಿಳುನಾಡು, ಆಂಧ್ರ, ಒಡಿಶಾ ಕರಾವಳಿಯ ಮರಳಿನಲ್ಲಿ ವಿರಳ ಲೋಹಗಳ ಅದಿರಾದ ಮೊನಜೈಟ್ ಇದೆ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಲೆಕ್ಕದಲ್ಲಿ ಇಲ್ಲಿನ ನಿಕ್ಷೇಪ 69 ಲಕ್ಷ ಟನ್, ಜಗತ್ತಿನಲ್ಲಿ ಮೂರನೆಯದು. ಅದೇ ಲೆಕ್ಕದಲ್ಲಿ 2024ರ ಉತ್ಪಾದನೆ ಮಾತ್ರ 2,900 ಟನ್. ಚೀನಾದ್ದು 2,70,000 ಟನ್. ಈ ಮರಳಿನಿಂದ ಖನಿಜ ತೆಗೆಯುವ ಸರ್ಕಾರಿ ಕಂಪನಿ ಐಆರ್‌ಇಎಲ್ 1950ರಿಂದ ಇದೆ. ಅದು ತೆಗೆದದ್ದರಲ್ಲೂ ಒಂದು ಪಾಲು ಟೊಯೊಟ್ಸು ಕಂಪನಿಯ ಮೂಲಕ ಜಪಾನಿಗೆ ಹೋಗುತ್ತಿತ್ತು, ಏಕೆಂದರೆ ಇಲ್ಲಿ ಅಯಸ್ಕಾಂತ ಮಾಡುವವರಿರಲಿಲ್ಲ. ವಿಶಾಖಪಟ್ಟಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಅಯಸ್ಕಾಂತ ಘಟಕದ ಸಾಮರ್ಥ್ಯ ವರ್ಷಕ್ಕೆ 3,000 ಕಿಲೊ, ಅದೂ ಸಮೇರಿಯಂ–ಕೋಬಾಲ್ಟ್ ಮಾತ್ರ. ನಿಕ್ಷೇಪದ ಸುದ್ದಿ ಎಷ್ಟು ಬೇಗ ಹಿಗ್ಗಿ ಎಷ್ಟು ಬೇಗ ಕುಗ್ಗುತ್ತದೆ ಎಂಬುದನ್ನು ಕರ್ನಾಟಕ ಕಂಡಿದೆ. ಮಂಡ್ಯದ ಮರಳಗಾಲದಲ್ಲಿ 14 ಸಾವಿರ ಟನ್ ಲಿಥಿಯಂ ಇದೆ ಎಂದು 2020ರಲ್ಲಿ ದೇಶವೇ ಸಂಭ್ರಮಿಸಿತು. 2021ರಲ್ಲಿ ಕೇಂದ್ರ ಸರ್ಕಾರ ಹೇಳಿದ ಅಂದಾಜು 1,600 ಟನ್.

ಕೇಂದ್ರ ಸಚಿವ ಸಂಪುಟ 2025ರ ನವೆಂಬರಿನಲ್ಲಿ ಒಪ್ಪಿದ 7,280 ಕೋಟಿ ರೂಪಾಯಿಯ ಯೋಜನೆ ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಸುವ ಗುರಿ ಇಟ್ಟುಕೊಂಡಿದೆ. ಯೋಜನೆ ಸ್ವಾಗತಾರ್ಹ, ಆದರೆ ಅದರ ಹಣದ ಹಂಚಿಕೆಗೆ ಆಕ್ಷೇಪ ಎತ್ತಲೇಬೇಕು. 6,450 ಕೋಟಿ ಮಾರಾಟದ ಮೇಲಿನ ಪ್ರೋತ್ಸಾಹಧನಕ್ಕೆ, 750 ಕೋಟಿ ಮಾತ್ರ ಬಂಡವಾಳ ಸಹಾಯಧನಕ್ಕೆ. ಮಾರಾಟವಾದರೆ ತಾನೇ ಪ್ರೋತ್ಸಾಹಧನ? ಚೀನಾ ಬೆಲೆ ಇಳಿಸಿದರೆ ಮಾರಾಟವೇ ಇರುವುದಿಲ್ಲ. ಮಾಲಿಕಾರ್ಪ್ ಮುಳುಗಿದ್ದು ಹಾಗೆಯೇ. ಈ ಪಾಠ ಕಲಿತ ಅಮೆರಿಕದ ರಕ್ಷಣಾ ಇಲಾಖೆ 2025ರ ಜುಲೈನಲ್ಲಿ ಎಂಪಿ ಮೆಟೀರಿಯಲ್ಸ್‌ನ ಪಾಲುದಾರನಾದದ್ದಲ್ಲದೆ, ಅದರ ನಿಯೋಡಿಮಿಯಂ–ಪ್ರೇಸಿಯೊಡಿಮಿಯಂಗೆ ಕಿಲೊಗೆ 110 ಡಾಲರಿನ ಕನಿಷ್ಠ ಬೆಲೆಯನ್ನು ಹತ್ತು ವರ್ಷಕ್ಕೆ ಖಾತರಿಪಡಿಸಿತು. ಭಾರತದ ರೈತರಿಗೆ ಬೆಂಬಲ ಬೆಲೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಂಥದೇ ಖಾತರಿ ಇಲ್ಲಿಯೂ ಬೇಕು, ಜೊತೆಗೆ ರಕ್ಷಣಾ ಇಲಾಖೆ ಮತ್ತು ರೈಲ್ವೆಯಿಂದ ಮುಂಗಡ ಖರೀದಿ ಒಪ್ಪಂದವೂ ಬೇಕು.

ಇನ್ನೆರಡು ತೊಡಕುಗಳು ಹಣದಿಂದಷ್ಟೇ ಬಗೆಹರಿಯುವಂಥವಲ್ಲ. ಮೊನಜೈಟ್‌ನಲ್ಲಿ ವಿಕಿರಣ ಸೂಸುವ ಥೋರಿಯಂ ಇದೆ. ಉಳಿಯುವ ತ್ಯಾಜ್ಯವನ್ನು ಎಲ್ಲಿ, ಯಾರ ಹೊಣೆಯಲ್ಲಿ ಇಡಲಾಗುತ್ತದೆ ಎಂಬುದನ್ನು ಕರಾವಳಿಯ ಜನರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಎರಡನೆಯದಾಗಿ, ಇಲ್ಲಿನ ಮೊನಜೈಟ್‌ನಲ್ಲಿ ಹಗುರ ಲೋಹಗಳೇ ಹೆಚ್ಚು; ಡಿಸ್ಪ್ರೋಸಿಯಂ, ಟರ್ಬಿಯಂ ತೀರಾ ಕಡಿಮೆ. ಎಷ್ಟು ಅಗೆದರೂ ಆ ಕೊರತೆ ನೀಗದು. ಅದನ್ನು ತುಂಬಲು ಆಸ್ಟ್ರೇಲಿಯಾ, ಮಲೇಷ್ಯಾ, ಜಪಾನ್‌ಗಳ ಜೊತೆ ದೀರ್ಘಾವಧಿಯ ಒಪ್ಪಂದ ಮಾಡಿಕೊಳ್ಳಬೇಕು. ಹಳೆಯ ಮೋಟಾರು, ಹಾರ್ಡ್ ಡಿಸ್ಕ್‌ಗಳ ಅಯಸ್ಕಾಂತಗಳನ್ನು ಗುಜರಿಯಿಂದ ಪ್ರತ್ಯೇಕವಾಗಿ ಸಂಗ್ರಹಿಸುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರಗಳು ಈಗಿನಿಂದಲೇ ಕಟ್ಟಬಹುದು. ಇಷ್ಟೊಂದು ಎಲೆಕ್ಟ್ರಾನಿಕ್ ಕಸ ಬೀಳುವ ಬೆಂಗಳೂರು ಅದಕ್ಕೆ ತಕ್ಕ ಜಾಗ.

ಇತಿ,
ಒಬ್ಬ ಓದುಗ